ಸಾಣಿಕಲ್ಲೂ ಮುತ್ಯಾನ ಗಲ್ಲವೂ

ಬಮ್ಮಿಗಟ್ಟಿಯ ಗೂಳಪ್ಪನಿಗೆ ಮೊಮ್ಮಗನ ಮೇಲೆ ಒಂದೇ ಒಂದು ತಕರಾರು. ನಾಲ್ಕು ತಿಂಗಳ ಆ ಮಹಾಶಯ ಅಜ್ಜಿಯ ಹತ್ತಿರ ಹೋಗುತ್ತಿದ್ದ, ಪಕ್ಕದ ಮನೆಯ ಖಾತುನಬಿಯ ಹೆಗಲ ಮೇಲೆ ನಿದ್ದೆ ಹೊಡೆಯುತ್ತಿದ್ದ, ಬೀದಿಯ ಎಮ್ಮೆಗೂ ಬೊಚ್ಚುಬಾಯಿ ತೆರೆದು ನಗುತ್ತಿದ್ದ. ಮುತ್ಯಾ, ಅಂದರೆ ಈ ಅಜ್ಜ, ಮುದ್ದಿಡಲು ಬಗ್ಗಿದರೆ ಮಾತ್ರ ಓಣಿ ಕೂಡುವಂತೆ ಚೀರುತ್ತಿದ್ದ. ಅಮಾವಾಸ್ಯೆ ಕಳೆದರೆ ಅಳಿಯ ಬಂದು ಹೆಂಡತಿ, ಮಗುವನ್ನು ಕರೆದೊಯ್ಯುವವನಿದ್ದ. ಅಷ್ಟರೊಳಗೆ ಒಂದು ಮುತ್ತೂ ದಕ್ಕದಿದ್ದರೆ ಮುತ್ಯಾ ಆಗಿ ಏನು ಬಂತು?

"ಕೂಸಿಂದೇನ್ ತಪ್ಪು? ನಿಮ್ಮ ಗಡ್ಡ ಕೊಯ್ದ ಜ್ವಾಳದ ಕೂಳಿ ಚುಚ್ಚಿದಂಗ ಚುಚ್ಚತೈತಿ," ಎಂದಳು ಹೆಂಡತಿ ಕಸ್ತೂರೆವ್ವ.

ಹಜಾಮ ಬರುವುದು ವಾರಕ್ಕೊಮ್ಮೆ. ಇನ್ನು ದಿನಾ ತಾನೇ ಬೋಳಿಸಿಕೊಳ್ಳುವೆನೆಂದು ಗೂಳಪ್ಪ ಟ್ರಂಕಿನಿಂದ ಅಪ್ಪನ ಕಾಲದ ಕ್ಷೌರದ ಕತ್ತಿ ತೆಗೆದ. (ಬ್ಲೇಡಿನ ಮಷಿನ್ನು ತರಬಹುದಿತ್ತು. ಅದು ನೌಕರದಾರರ ಆಟಿಕೆ ಎಂಬುದು ಅವನ ಘನವಾದ ಅಭಿಪ್ರಾಯ.) ಆದರೆ ಆ ಕತ್ತಿಯಿಂದ ಬೆಣ್ಣೆ ಸವರಬಹುದಿತ್ತೇ ಹೊರತು ಕೂದಲು ತೆಗೆಯುವಂತಿರಲಿಲ್ಲ.

ಅದನ್ನು ಮಸೆಯಲು ಶುರುವಾಯಿತು ಶಿಲಾನ್ವೇಷಣೆ. ಕಲಘಟಗಿ ಸಂತೆಯಲ್ಲಿ ಉಗುರಿನಿಂದ ಬಡಿದು, ಕಿವಿಗೆ ಹಿಡಿದು, ಎಂಜಲು ಹಚ್ಚಿ ಪರೀಕ್ಷಿಸಿ ಒಂದು ಕಲ್ಲು ತಂದ. ಅದು ಕುಡಗೋಲು ಮಸೆಯುವ ಕಲ್ಲು. ಕತ್ತಿಗೆ ಹಲ್ಲು ಬಂದವು, ಗಲ್ಲ ಕುಂಟೆ ಹೊಡೆದ ಹೊಲವಾಯಿತು. ಹಳ್ಳದಿಂದ ಆರಿಸಿ ತಂದ ಇನ್ನೊಂದು ಅತಿ ನುಣುಪು. ಮುಂಜಾನೆಯೆಲ್ಲ ತಿಕ್ಕಿದರೂ ಕಲ್ಲೂ ಕತ್ತಿಯೂ ಪರಸ್ಪರ ಮರ್ಯಾದೆ ಕೊಟ್ಟು ಇದ್ದಂತೆಯೇ ಉಳಿದವು.

"ಕಟ್ಟಿಮ್ಯಾಲೆ ಕಲ್ಲು ಒಟ್ಟಾಕತ್ತೀರಲ್ಲ, ಗುಡಿ ಕಟ್ಟಸ್ತೀರೇನು?" ಎಂದು ಕೇಳಿ ಕಸ್ತೂರೆವ್ವ ನೀರಿಗೆ ಹೋದಳು.

ಆಗ ಅಡುಗೆಮನೆಯ ಗೂಡಿನಲ್ಲಿ ಅವಳ ಸಾಣಿಕಲ್ಲು ಕಂಡಿತು. ಅವಳ ಅಜ್ಜಿಯ ಕಾಲದಿಂದ ಗಂಧ, ಬೇರು ತೇಯ್ದು ತೇಯ್ದು ಹದವಾದ ಕಪ್ಪು ಕಲ್ಲು. ಸಾಣೆ ಹಿಡಿಯದ ಸಾಣಿಕಲ್ಲು ಎಂಥದ್ದು ಎಂದು ಗೂಳಪ್ಪ ತನ್ನೊಡನೆ ತಾನೇ ವಾದಿಸಿ ಗೆದ್ದ. ನೀರು ಚಿಮುಕಿಸಿ, ಕತ್ತಿಯನ್ನು ಬೆನ್ನೆತ್ತದಂತೆ ಮಲಗಿಸಿ, ಹೊರಳಿಸಿ ಹೊರಳಿಸಿ ಎಳೆದ. ಸೊಂಟದ ಪಟ್ಟಿಗೆ ತೀಡಿ ಮುಂಗೈಗೆ ಹಚ್ಚಿದರೆ ಕೂದಲು ಹೇಳದೆ ಕೇಳದೆ ಉದುರಿತು. ಗಲ್ಲ ಬಾಳೆಲೆಯಂತಾಯಿತು. ಕಲ್ಲಿನ ಮೇಲುಳಿದ ನೀರಿಗೆ ಏನೋ ಒಂದು ಘಮ. ಪೇಟೆಯ ಸ್ನೋ ಕ್ರೀಮಿಗಿಂತ ಮೇಲೆಂದು ಅದನ್ನೂ ಎರಡೂ ಗಲ್ಲಕ್ಕೆ ಬಳಿದುಕೊಂಡ.

ಮಗಳು ಕೂಸನ್ನು ಕೈಗಿತ್ತಳು. ಕೂಸು ಆ ಗಲ್ಲವನ್ನು ಸವರಿತು, ನಕ್ಕಿತು. ಗೂಳಪ್ಪ ಉಸಿರು ಬಿಗಿಹಿಡಿದು ಬಗ್ಗಿದ. ಕೂಸಿನ ಮೂಗು ಒಮ್ಮೆ ಸೊಟ್ಟಗಾಯಿತು. ಮರುಗಳಿಗೆ ಹಿಂದೆಂದೂ ಕೇಳದಂಥ ಚೀರಾಟ.

ಕಸ್ತೂರೆವ್ವ ಕೊಡದ ಸಮೇತ ಓಡಿಬಂದಳು. ಗಂಡನ ಮುಖ ಮೂಸಿದಳು.

"ಬಜಿ ವಾಸನಿ ಬರಾಕತ್ತೈತಿ. ನನ್ನ ಸಾಣಿಕಲ್ಲು ಮುಟ್ಟೀರೇನು?"

ದಿನಾ ಅವಳು ಬಜೆ ಬೇರು ತೇಯ್ದು ಕೂಸಿಗೆ ಕುಡಿಸುತ್ತಿದ್ದುದು ಅದೇ ಕಲ್ಲಿನಲ್ಲಿ. ಆ ಖಾರಕ್ಕೆ ಕೂಸು ತುಟಿ ಬಿಗಿದು ಕೂತರೆ ತಾಯಿ, ಅಜ್ಜಿ ಇಬ್ಬರೂ ಸೋಲುತ್ತಿದ್ದರು. ಗೂಳಪ್ಪ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಆದರೆ ಕಸ್ತೂರೆವ್ವನ ಕಣ್ಣು ಗುಹೆಯಂತೆ ತೆರೆದಿದ್ದ ಕೂಸಿನ ಬಾಯಿಯ ಮೇಲಿತ್ತು.

"ಹಂಗ ನಿಂದರ್ರಿ," ಎಂದವಳೇ ತೇಯ್ದಿಟ್ಟ ಔಷಧವನ್ನು ಕೂಸಿಗೆ ಕುಡಿಸುವ ಒಳಲೆಯಲ್ಲಿ ತಂದು ಅದರ ಬಾಯಿಗೆ ಸುರಿದುಬಿಟ್ಟಳು.

ಮರುದಿನದಿಂದ ಅಮಾವಾಸ್ಯೆಯ ತನಕ ಗೂಳಪ್ಪನಿಗೆ ಕಾಯಂ ಹುದ್ದೆ. ಬೆಳಿಗ್ಗೆ ನುಣ್ಣಗೆ ಬೋಳಿಸಿಕೊಂಡು ಬಂದರೆ ಕಸ್ತೂರೆವ್ವ ತಾನೇ ಅವನ ಗಲ್ಲಕ್ಕಿಷ್ಟು ಬಜೆ ಹಚ್ಚಿ, ಒಳಲೆ ಹಿಡಿದು ತಯಾರಾಗುತ್ತಾಳೆ.

"ಹಾಂ, ಈಗ ಮುದ್ದು ಕೊಡ್ರಿ."

ಗೂಳಪ್ಪ ಬಗ್ಗುತ್ತಾನೆ. ಕೂಸು ಬಾಯಿ ತೆರೆಯುತ್ತದೆ.

"ಇನ್ನೊಂದು ಕೊಡ್ರಿ. ಒಳಲ್ಯಾಗ ಇನ್ನೂ ಅರ್ಧಾ ಉಳದೈತಿ."