ಆಯ್ತು ಅಂದರೆ ಏನಾಯ್ತು?

ಜನ ಹಾವಿಗೆ ಹೆದರುತ್ತಾರೆ, ಹಲ್ಲಿಗೆ ಹೆದರುತ್ತಾರೆ, ಕೆಲವರು ಹೆಂಡತಿಯ ತವರಿನವರಿಗೆ ಹೆದರುತ್ತಾರೆ. ನಾನು ಹೆದರುವುದು ಒಂದು ಪದಕ್ಕೆ. ಅದು ‘ಆಯ್ತು’. ಕನ್ನಡದಲ್ಲಿ ಇಷ್ಟು ಸಾಧುವಾಗಿ ಕಾಣುವ, ಇಷ್ಟು ಮೋಸದ ಪದ ಇನ್ನೊಂದಿಲ್ಲ. ಕೆಲಸ ಮಾಡಿ ಮುಗಿಸಿದವನೂ ‘ಆಯ್ತು’ ಎನ್ನುತ್ತಾನೆ, ಇನ್ನು ಮೇಲೆ ಮಾಡುವವನೂ ‘ಆಯ್ತು’ ಎನ್ನುತ್ತಾನೆ. ಮಾಡುವ ಯೋಚನೆಯೇ ಇಲ್ಲದೆ, ನಮ್ಮಿಂದ ತಪ್ಪಿಸಿಕೊಂಡರೆ ಸಾಕು ಎನ್ನುವವನಂತೂ ‘ಆಯ್ತು ಆಯ್ತು’ ಎಂದು ಎರಡು ಸಲ ಅನ್ನುತ್ತಾನೆ.

ಇದು ನನ್ನ ಹೊಟ್ಟೆಪಾಡಿನ ಭಯ. ಯಲಹಂಕದ ಆಚೆ, ವಿಮಾನ ನಿಲ್ದಾಣದಲ್ಲಿ, ವಿಮಾನದ ಸುತ್ತ ನೆಲದ ಮೇಲೆ ಓಡಾಡಿ ದುಡಿಯುವವರಿಗೆ ಸುರಕ್ಷತೆಯ ಪಾಠ ಹೇಳುವುದು ನನ್ನ ಉದ್ಯೋಗ. ಯಂತ್ರ ಕೆಡುವುದು ಹಾಗಿರಲಿ, ಮನುಷ್ಯ ಮರೆಯುತ್ತಾನೆ, ಅರ್ಧ ಕೇಳಿಸಿಕೊಳ್ಳುತ್ತಾನೆ, ದೊಡ್ಡವರನ್ನು ತಿರುಗಿ ಕೇಳಲು ನಾಚುತ್ತಾನೆ. ಅಪಾಯವೆಲ್ಲ ಅಲ್ಲಿಂದಲೇ ಎಂದು ದಿನಾ ಒದರುತ್ತೇನೆ. ‘ಸಾಮಾನು ತುಂಬುವ ಬಾಗಿಲು ಹಾಕು’ ಎಂದರೆ ‘ಆಯ್ತು’ ಎನ್ನಬಾರದು. ಹಾಕಿದ್ದರೆ ‘ಬಾಗಿಲು ಹಾಕಿದ್ದೇನೆ’, ಇಲ್ಲವಾದರೆ ‘ಹಾಕುತ್ತೇನೆ’ ಎಂದು ಪೂರ್ತಿ ಹೇಳಬೇಕು. ಮಾಕಳಿ ಕಡೆಯ ರಂಗಸ್ವಾಮಿ ಎಂಬಾತ ಒಮ್ಮೆ ತುಂಬ ಶ್ರದ್ಧೆಯಿಂದ ಎದ್ದು ನಿಂತು, “ಅಂಗಾದ್ರೆ ಬಾಗ್ಲು ಆಕಿವ್ನಿ ಅಂತ ಯೋಳ್ಬೇಕು, ಆಯ್ತು ಅನ್ಬಾರ್ದು, ಅಷ್ಟೇ ತಾನೇ ಸಾ?” ಎಂದ. “ಅಷ್ಟೇ ಕಣಪ್ಪ, ಅರ್ಥ ಆಯ್ತಾ?” ಎಂದೆ. “ಆಯ್ತು ಸಾ!” ಎಂದು ಕೂತ. ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ.

ಮನೆಯಲ್ಲೂ ನನ್ನ ಚಾಳಿ ಬಿಟ್ಟಿಲ್ಲ. ನನ್ನ ಹೆಂಡತಿ ವಸುಧಾ ಜಾಲಹಳ್ಳಿಯ ಶಾಲೆಯೊಂದರಲ್ಲಿ ಗಣಿತದ ಟೀಚರು. ಹೊರಡುವಾಗ ‘ಗ್ಯಾಸ್ ಆಫ್ ಮಾಡಿದೆಯಾ?’ ಎಂದರೆ ಅವಳೂ ‘ಆಯ್ತು’ ಎನ್ನುತ್ತಾಳೆ. ನಾನು ವಿದ್ಯಾರಣ್ಯಪುರದ ಬಸ್ ಸ್ಟಾಪಿನವರೆಗೆ ಹೋಗಿ, ಸಮಾಧಾನವಾಗದೆ ವಾಪಸು ಬಂದು ನೋಡಿದ್ದುಂಟು. “ರೀ, ಇದು ಮನೆ, ವಿಮಾನ ಅಲ್ಲ” ಎಂದು ಅವಳು ಹೇಳಿ ಹೇಳಿ ಸುಸ್ತಾಗಿದ್ದಾಳೆ.

ಇಂಥ ನನಗೆ, ವಸುಧಾಳ ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದಾಗ ಹೊಸದೊಂದು ಭಯ ಹತ್ತಿಕೊಂಡಿತು. ಕಲ್ಲಿಗೆ ನಾನು ಹೆದರಲಿಲ್ಲ. ಅವಳಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಜ್ವರಕ್ಕೆಂದು ಆ ಇಂಜೆಕ್ಷನ್ ಕೊಟ್ಟಾಗ, ಮುಖವೆಲ್ಲ ಊದಿ, ಉಸಿರು ಸಿಕ್ಕಿಕೊಂಡು, ನನ್ನ ತೋಳಿನ ಮೇಲೆಯೇ ಕಣ್ಣು ತೇಲಿಸಿಬಿಟ್ಟಿದ್ದಳು. ಆಗ ಬದುಕಿಕೊಂಡಳು. ಈಗ ಪ್ರಜ್ಞೆ ತಪ್ಪಿಸಿ ಮಲಗಿಸಿದ ಮೇಲೆ ಯಾರಾದರೂ ಮರೆತು ಅದನ್ನೇ ಚುಚ್ಚಿದರೆ ‘ಬೇಡ’ ಎನ್ನುವವರು ಯಾರು? ಈ ಒಂದು ಪ್ರಶ್ನೆ ನನ್ನ ಊಟ ನಿದ್ದೆ ಎರಡನ್ನೂ ತಿಂದುಹಾಕಿತು.

ನರ್ಸಿಂಗ್ ಹೋಮಿನಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮಹಾದೇವಿ ಗದಗಿನ ಕಡೆಯ ಹುಡುಗಿ. ಮೊದಲ ದಿನವೇ ಅವಳಿಗೆ ಪೆನ್ಸಿಲಿನ್ ಕಥೆಯನ್ನು ಸವಿಸ್ತಾರವಾಗಿ ಹೇಳಿ, ಡಾಕ್ಟರಿಗೆ ತಿಳಿಸಬೇಕು ಎಂದೆ. “ಆತ್ರೀ ಸರ್” ಎಂದಳು. ‘ಆಯ್ತು’ ಇಲ್ಲಿ ಉತ್ತರ ಕರ್ನಾಟಕದ ವೇಷದಲ್ಲಿ ಬಂದು ನಿಂತಿತ್ತು! “ಆತು ಅಂದ್ರೆ ಹೇಳಿ ಆಯ್ತೋ, ಇನ್ನು ಹೇಳ್ತೀರೋ?” ಎಂದು ಕೇಳಿದೆ. “ಎರಡೂ ಅಂತ ತಿಳ್ಕೋರಿ ಸರ್” ಎಂದು ನಕ್ಕು ಹೋದಳು. ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡು ಮನೆಗೆ ಬಂದ ಮೇಲೆ ನಾನು ದಿನಕ್ಕೊಂದು ನೆಪ ಹುಡುಕಿ ಫೋನ್ ಮಾಡಿದೆ. ನನ್ನ ಧ್ವನಿ ಕೇಳಿದರೆ ಸಾಕು, ಅವಳೇ ಮೊದಲು “ಪೆನ್ಸಿಲಿನ್ ಇಲ್ರೀ ಸರ್, ಬರಕೊಂಡೀನ್ರೀ” ಎನ್ನತೊಡಗಿದಳು.

ಆಪರೇಷನ್ನಿನ ದಿನ ಬೆಳಿಗ್ಗೆ ವಸುಧಾ ಹಸಿರು ಗೌನು ತೊಟ್ಟು ಸ್ಟ್ರೆಚರಿನ ಮೇಲೆ ಮಲಗಿದ್ದಳು. ಕೈಗೆ ಕೆಂಪು ಪಟ್ಟಿ ಕಟ್ಟಿ ಅದರ ಮೇಲೆ ಪೆನ್ಸಿಲಿನ್ ಕೂಡದು ಎಂದು ಬರೆದಿದ್ದರು. ಬಂದವರೆಲ್ಲ ಅವಳನ್ನು ‘ನಿಮ್ಮ ಹೆಸರೇನು? ಯಾವ ಆಪರೇಷನ್ನು?’ ಎಂದೇ ಕೇಳುತ್ತಿದ್ದರು. ಪಾಠ ಹೇಳುವ ನನಗೆ ಇದರಿಂದ ಸಂತೋಷವಾಗಬೇಕಿತ್ತು. ಹೀಗೆ ಮತ್ತೆ ಮತ್ತೆ ಕೇಳಿ ಎಂದು ಜನರ ತಲೆ ತಿನ್ನುವವನು ನಾನೇ. ಆದರೆ ಗಂಡನಾಗಿ ನಿಂತಾಗ ಜೀವ ಹೋದಂತಾಯಿತು. ‘ಇವರಿಗೆ ಯಾರಿಗೂ ಗೊತ್ತಿಲ್ಲವೇ?’ ಎಂದು ಮಹಾದೇವಿಯ ಮುಖ ನೋಡಿದೆ. ವಸುಧಾ ಮಲಗಿದಲ್ಲಿಂದಲೇ, “ರೀ, ಸುಮ್ನೆ ನಿಂತ್ಕೊಳ್ರೀ” ಎಂದಳು.

ಕೊನೆಗೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು. ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. “ದಿನಾ ತಗೊಳ್ಳೋ ಬಿಪಿ ಮಾತ್ರೆ ಬೆಳಿಗ್ಗೆ ಕೊಟ್ರಾ?”

“ಆಯ್ತು ಡಾಕ್ಟ್ರೇ” ಎಂದೆ. ಏಕೆ ಎಂದೆನೋ ದೇವರಿಗೇ ಗೊತ್ತು.

“ಇಲ್ಲ ಡಾಕ್ಟ್ರೇ, ತಗೊಂಡಿಲ್ಲ” ಎಂದು ವಸುಧಾ ನನ್ನತ್ತ ಬೆರಳು ತೋರಿಸಿದಳು. “ಬಾಯಿಗೆ ಏನೂ ಹಾಕ್ಬಾರ್ದು ಅಂತ ಇವ್ರೇ ಹೇಳಿದ್ರು.”

“ನಿನ್ನೆ ಫೋನಿನ್ಯಾಗ ಹೇಳಿದ್ನಲ್ರೀ ಸರ್!” ಎಂದಳು ಮಹಾದೇವಿ. “ಬಿಪಿ ಮಾತ್ರಿ ಅಷ್ಟ ಒಂದ್ ಗುಟುಕು ನೀರಾಗ ಕೊಡ್ರಿ ಅಂದೆ. ನೀವು ಆಯ್ತು ಆಯ್ತು ಅಂದ್ರಿ.”

ಅಂದಿರಬೇಕು. ಅವಳು ಮಾತ್ರೆಯ ವಿಷಯ ಹೇಳುವಾಗ ನಾನು ಮುಂದಿನ ಪೆನ್ಸಿಲಿನ್ ಪ್ರಶ್ನೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಲ್ಲೇ ಮಾತ್ರೆ ಕೊಡಿಸಿ, ಬಿಪಿ ಇಳಿಯಲಿ, ಆಮೇಲೆ ಒಳಗೆ ಕರೆದುಕೊಳ್ಳೋಣ ಎಂದರು. “ಅದಕ್ಕೇ ನಾವು ಪೇಶಂಟನ್ನೇ ಕೇಳೋದು. ಸಾರ್, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ತೀರಾ?” ಎಂದು ಬಹಳ ಮರ್ಯಾದೆಯಿಂದ ನನ್ನನ್ನು ಆಚೆ ಹಾಕಿದರು.

ಹೊರಗೆ ಕೂತೆ. ವಿಮಾನದ ಎಂಜಿನ್ನಿನ ಮುಚ್ಚಳ ಹಾಕುವ ಮೊದಲು, ಒಳಗೇ ಉಳಿದಿರಬಾರದೆಂದು, ನಮ್ಮಲ್ಲಿ ಒಂದೊಂದು ಸ್ಪ್ಯಾನರನ್ನೂ ಎಣಿಸುತ್ತೇವೆ. ಒಳಗೆ ಹತ್ತಿ, ಕತ್ತರಿ ಎಲ್ಲ ಎಣಿಸುವವರು ಇದ್ದಾರೋ ಇಲ್ಲವೋ ಎಂದು ಯೋಚಿಸಿದೆ. ನನ್ನಂಥವನೊಬ್ಬ ಒಳಗೂ ಇದ್ದು, ಬೇರೇನೋ ಯೋಚಿಸುತ್ತ ‘ಎಣಿಸಿ ಆಯ್ತು’ ಎಂದುಬಿಟ್ಟರೆ? ಅಷ್ಟು ದಿನ ಊರವರ ಮರೆವಿಗೆ ಹೆದರಿದ್ದವನಿಗೆ ಈಗ ನನ್ನ ಮೇಲೆಯೇ ಭಯ ಹುಟ್ಟಿತು. ವಸುಧಾ ಇಲ್ಲದ ಮನೆಯನ್ನು ಒಂದು ಕ್ಷಣ ಕಲ್ಪಿಸಿಕೊಂಡೆ. ನಾನು ಗ್ಯಾಸ್ ಆಫಾಗಿದೆಯಾ ಎಂದು ಕೇಳಿದರೆ ರೇಗುವವರೇ ಇಲ್ಲದ ಮನೆ. ಅಳು ಬಂತು. ಕರ್ಚೀಫಿನಿಂದ ಕನ್ನಡಕ ಒರೆಸುವವನಂತೆ ನಟಿಸಿದೆ.

ಬಾಗಿಲು ತೆರೆಯಿತು. ಸರ್ಜನ್ ಮುಖದ ಮಾಸ್ಕು ಇಳಿಸಿ ನನ್ನತ್ತ ನೋಡಿ, “ಆಯ್ತು” ಎಂದರು. ಎಂದವರೇ ಕಿವಿಗೆ ಫೋನು ಹಿಡಿದು ನಡೆದುಬಿಟ್ಟರು.

ಏನಾಯ್ತು? ಚೆನ್ನಾಗಿ ಆಯ್ತೇ? ಕೈಮೀರಿ ಆಯ್ತೇ? ತಿರುಗಿ ಕೇಳಬೇಕು, ಸಂಕೋಚಪಡಬಾರದು ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿದವನಿಗೆ ಈಗ ತಿರುಗಿ ಕೇಳುವ ಧೈರ್ಯ ಬರಲಿಲ್ಲ. ಉತ್ತರ ಬೇರೆಯಾಗಿದ್ದರೆ ಎಂಬ ಭಯ. ಹಿಂದೆಯೇ ಬಂದ ಮಹಾದೇವಿ ನನ್ನ ಮುಖ ನೋಡಿ ಗಾಬರಿಯಾಗಿ, “ಅಯ್ಯ, ಚೊಲೋ ಅದಾರ್ರೀ ಸರ್! ಎಚ್ಚರ ಆಗ್ಯಾರ, ನಿಮ್ಮನ್ನ ಕೇಳಾಕತ್ತಾರ” ಎಂದಳು. ಅವಳ ಕೈ ಹಿಡಿದುಕೊಳ್ಳುವುದೊಂದು ಬಾಕಿ.

ವಾರ್ಡಿನಲ್ಲಿ ವಸುಧಾ ಅರೆಗಣ್ಣಿನಲ್ಲಿ ಮಲಗಿದ್ದಳು. ತುಟಿ ಒಣಗಿತ್ತು. ನನ್ನನ್ನು ಗುರುತಿಸಿ, ಬಹಳ ಪ್ರಯಾಸದಿಂದ ಕೇಳಿದಳು. “ರೀ... ಊಟ ಆಯ್ತಾ?”

“ಆಯ್ತು” ಎಂದೆ. ಬೆಳಗಿನಿಂದ ಒಂದು ತೊಟ್ಟು ಕಾಫಿಯೂ ಇಳಿದಿರಲಿಲ್ಲ.

ಡ್ರಿಪ್ ಸರಿಮಾಡುತ್ತಿದ್ದ ಮಹಾದೇವಿ ತಿರುಗಿದಳು. “ಏನ್ ತಿಂದ್ರಿ ಸರ್?”

“ಇಲ್ಲೇ, ನಿಮ್ಮ ಕ್ಯಾಂಟೀನಲ್ಲಿ ಇಡ್ಲಿ.”

“ಕ್ಯಾಂಟೀನ್ ಇವತ್ತ ಬಂದ್ ಐತಲ್ರೀ ಸರ್.”

“ಅಯ್ಯೋ, ನಗಿಸ್ಬೇಡ್ರೀ” ಎಂದು ವಸುಧಾ ಹೊಟ್ಟೆ ಹಿಡಿದುಕೊಂಡಳು. “ಹೊಲಿಗೆ ನೋಯುತ್ತೆ.”