ಅರ್ಥಶಾಸ್ತ್ರದ ಬಾವ

ನನ್ನ ಅಕ್ಕನ ಗಂಡನಿಗೆ ಇಡೀ ಪ್ರಪಂಚವೇ ಅರ್ಥವಾಗಿದೆ. ಅರ್ಥವಾಗದೆ ಉಳಿದದ್ದು ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಮಾತ್ರ! ಗ್ರಹಚಾರ ನೋಡಿ, ಅವರು ಓಡಾಡುವುದು ಈ ಮೂರೇ ಊರುಗಳಲ್ಲಿ.

ಬಾವ ಕೊಪ್ಪದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಮೊಬೈಲು ಬಂದಿದ್ದರೂ ಸಿಗ್ನಲ್ ಇನ್ನೂ ಬಾರದಿದ್ದ ಕಾಲದಲ್ಲಿ ಒಂದು ಸಂಜೆ ನಾವಿಬ್ಬರೂ ಶೃಂಗೇರಿಯಿಂದ ಕೊಪ್ಪಕ್ಕೆ ಹೊರಟಿದ್ದೆವು. ಬಸ್ಸಿನ ಬಾಗಿಲಲ್ಲೂ ಜನ ನೇತಾಡುತ್ತಿದ್ದರು. ನಾನು ಒಂದು ಕಾಲಿಟ್ಟೆ. ಬಾವ ಅಂಗಿ ಹಿಡಿದು ಎಳೆದರು.

"ಇಷ್ಟು ಜನ ಇದಾರೆ ಅಂದ್ರೆ ಬೇಡಿಕೆ ಇದೆ ಅಂತ. ಬೇಡಿಕೆ ಇದ್ದಲ್ಲಿಗೆ ಪೂರೈಕೆ ಬಂದೇ ಬರ್ತದೆ."

"ಬಾವ, ಇದು ಕಡೇ ಬಸ್ಸು!"

"ಸ್ವಲ್ಪ ದೊಡ್ಡದಾಗಿ ಯೋಚಿಸು ಮಾರಾಯ."

ದೊಡ್ಡದಾಗಿ ಯೋಚಿಸುತ್ತ ನಿಂತೆವು. ಬಂದ ಪೂರೈಕೆ ಯಾವುದು ಗೊತ್ತೇ? ಗೊಬ್ಬರದ ಮೂಟೆ ತುಂಬಿದ ಪಿಕಪ್ಪು! ಮೂಟೆಗಳ ಮೇಲೆ ಕೂತು ಕೊಪ್ಪ ಸೇರಿದಾಗ ಬಾವ ಗೆದ್ದವರಂತೆ ನನ್ನತ್ತ ತಿರುಗಿ, "ಬಂತೋ ಇಲ್ವೋ?" ಎಂದರು.

ಇನ್ನೊಮ್ಮೆ ಚಿಕ್ಕಪ್ಪನ ಮಗಳ ಮದುವೆ. ಹೋಳಿಗೆ ಬಡಿಸುವ ಕೆಲಸವನ್ನು ಬಾವನಿಗೆ ಒಪ್ಪಿಸಿದ ಪುಣ್ಯಾತ್ಮ ಯಾರೋ! ಮೊದಲ ಹೋಳಿಗೆ ಕೊಡುವಷ್ಟು ಸುಖವನ್ನು ಮೂರನೆಯದು ಕೊಡುವುದಿಲ್ಲ ಎಂಬುದು ಅವರ ಶಾಸ್ತ್ರ. ಹಾಗಾಗಿ ಎರಡಕ್ಕೇ ನಿಲ್ಲಿಸಿಬಿಟ್ಟರು.

"ಎಂತ ಮಾರಾಯ್ರೆ, ಹೋಳಿಗೆ ಮುಗೀತಾ?" ಗಂಡಿನ ಕಡೆಯ ಹಿರಿಯರೊಬ್ಬರು ಕೇಳಿದರು.

"ಇಲ್ಲ, ಬೇಕಾದಷ್ಟಿದೆ. ಆದ್ರೆ ಇನ್ನು ನಿಮಗೆ ಅಷ್ಟು ಖುಷಿ ಆಗೋದಿಲ್ಲ."

ಹಿರಿಯರು ಎಲೆ ಬಿಟ್ಟು ಎದ್ದೇಬಿಟ್ಟರು! ಚಿಕ್ಕಪ್ಪ ಕೈಮುಗಿದು ಅವರನ್ನು ಮತ್ತೆ ಕೂರಿಸುವಷ್ಟರಲ್ಲಿ ಪಾಯಸ ಆರಿತ್ತು. ನನ್ನ ಅಮ್ಮ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ನಮ್ಮ ಅಳಿಯ ಪುಸ್ತಕದಿಂದ ಕೆಳಗೆ ಇಳಿಯೋದಿಲ್ಲ ಬಿಡು."

ನಾನೂ ಹಾಗೇ ಅಂದುಕೊಂಡಿದ್ದೆ. ಬಾವನ ಪಾಠದಲ್ಲಿ ಬರುವ ಮನುಷ್ಯರೆಲ್ಲ ತಮಗೆ ಲಾಭವಾಗುವುದನ್ನೇ ಆರಿಸಿಕೊಳ್ಳುವ ಜಾಣರು. ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ, ಯಾರಿಗೂ ವಯಸ್ಸಾಗುವುದಿಲ್ಲ.

ಅಮ್ಮನಿಗೆ ವಯಸ್ಸಾಯಿತು. ಮರೆವು ಶುರುವಾಯಿತು. ಒಂದು ಭಾನುವಾರ ಬಾವ ನರಸಿಂಹರಾಜಪುರದ ನಮ್ಮ ಮನೆಗೆ ಬಂದಾಗ ಅವಳಿಗೆ ಗುರುತೇ ಹತ್ತಲಿಲ್ಲ.

"ರೇಡಿಯೋ ರಿಪೇರಿಯವರಾ? ಅಂತೂ ಬಂದ್ರಲ್ಲ!"

ತಿದ್ದಲು ನಾನು ಬಾಯಿ ತೆರೆದೆ. ಬಾವ ಕಣ್ಣಲ್ಲೇ ತಡೆದರು. ಮನೆಯ ಬಲ್ಬು ಬದಲಿಸಲೂ ಬಾರದ ಮನುಷ್ಯ, ಸ್ಕ್ರೂಡ್ರೈವರ್ ಕೇಳಿ ಪಡೆದು ರೇಡಿಯೋದ ಬೆನ್ನು ಬಿಚ್ಚಿ ಕೂತರು. ಆಮೇಲೆ ಪ್ರತಿ ಭಾನುವಾರವೂ ಕೊಪ್ಪದಿಂದ ಬಂದು ಅದೇ ಕೆಲಸ. ಬಿಚ್ಚುವುದು, ಧೂಳು ಊದುವುದು, ಮುಚ್ಚುವುದು. ರೇಡಿಯೋ ಕೆಟ್ಟಿರಲೇ ಇಲ್ಲ.

"ಎಷ್ಟು ಕೊಡ್ಬೇಕು?" ಎಂದು ಅಮ್ಮ ಕೇಳುತ್ತಿದ್ದಳು.

ಅಷ್ಟು ವರ್ಷ ಅವಳನ್ನು 'ಅತ್ತೆ' ಎಂದೇ ಕರೆದಿದ್ದ ಬಾವ, ನೆಲಕ್ಕೆ ಬಿದ್ದ ಸ್ಕ್ರೂ ಹುಡುಕುತ್ತ ಹೇಳುತ್ತಿದ್ದರು:

"ಮುಂದಿನ ವಾರ ನೋಡುವ, ಅಮ್ಮ."