ಮ್ಯಾಥ್ಸ್ ಬಿಡಿಸಲು ಹೋದದ್ದು

ಓದುವವರು ಓದುತ್ತಿರುವ ಹಾಗೆ ಕಾಣಬೇಕು ಎನ್ನುವುದು ನನ್ನ ಬಲವಾದ ನಂಬಿಕೆ. ಪುಸ್ತಕ ತೆರೆದಿರಬೇಕು, ಪೆನ್ನು ಓಡುತ್ತಿರಬೇಕು, ನಡುನಡುವೆ ತುಟಿಯೂ ಅಲುಗಿದರೆ ಹೆತ್ತವರಿಗೆ ಒಂದಿಷ್ಟು ಸಮಾಧಾನ. ನನ್ನ ಮಗಳು ಮೇಘನಾ ಈ ಯಾವ ಸಮಾಧಾನವನ್ನೂ ಕೊಡುತ್ತಿರಲಿಲ್ಲ. ದೆಹಲಿಗೆ ಮೆಟ್ರೊ ಹೊಸದಾಗಿ ಬಂದಿದ್ದ ಕಾಲ. ಅದರಲ್ಲಿ ಓಡಾಡುವ ಆಸೆಗೋ ಏನೋ, ದೂರದ ಕಾಲೇಜಿನಲ್ಲಿ ಗಣಿತ ಆನರ್ಸ್ ಸೇರಿ, ಮೊದಲ ಪರೀಕ್ಷೆಯಲ್ಲೇ ಒಂದು ಪೇಪರಿನಲ್ಲಿ ಫೇಲಾದಳು. ಆಮೇಲೆ ಶುರುವಾಯಿತು ನೋಡಿ, ಒಂದೇ ಪುಟ ತೆರೆದಿಟ್ಟುಕೊಂಡು ಗಂಟೆಗಟ್ಟಲೆ ಫ್ಯಾನು ನೋಡುವುದು. ಅವಳು ಫ್ಯಾನು ನೋಡುತ್ತಿದ್ದರೆ ನಾನು ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಅಲೆಯುತ್ತಿದ್ದೆ. ಹುಡುಗಿ ಬೇಸತ್ತು ಕೋರ್ಸನ್ನೇ ಬಿಟ್ಟುಬಿಟ್ಟರೆ ಏನು ಗತಿ ಎಂಬ ಭಯ ನನಗೆ.

ನಾನು ಲೆಕ್ಕಪತ್ರ ವಿಭಾಗದವನು. ಮನೆಯಲ್ಲಿ ಇಂಥವನಿದ್ದೂ ಮಗಳು ಲೆಕ್ಕದಲ್ಲಿ ಫೇಲಾದಳೆಂದರೆ ಆಫೀಸಿನಲ್ಲಿ ಮುಖ ತೋರಿಸುವುದು ಹೇಗೆ? ಚಳಿಗಾಲದ ಒಂದು ಭಾನುವಾರ, ಬಾಲ್ಕನಿಯ ಬಿಸಿಲಿಗೆ ಕೂತು ಬಟಾಣಿ ಬಿಡಿಸುತ್ತಿದ್ದ ಹೆಂಡತಿ ವಿಮಲಾಗೆ ಹೇಳಿದೆ: "ಇವತ್ತು ಅವಳ ಮ್ಯಾಥ್ಸ್ ನಾನು ಬಿಡಿಸ್ತೀನಿ, ನೋಡ್ತಿರು." ಅವಳು ತಲೆಯೆತ್ತದೆ ಒಂದು ರಾಶಿ ಬಟಾಣಿಯನ್ನು ನನ್ನತ್ತ ಸರಿಸಿ, ಮೊದಲು ಇದನ್ನು ಬಿಡಿಸಿ ಎಂದಳು.

ಒಳಗಿದ್ದ ಮಗಳ ಕಿವಿಗೆ ನನ್ನ ಮಾತಷ್ಟೇ ಬಿದ್ದಿತ್ತು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಕೇಳಿ ಕಲಿತಷ್ಟೇ ಅವಳ ಕನ್ನಡ. ಕಣ್ಣು ತುಂಬಿಕೊಂಡು ಬಂದು, ನಾನು ಬಿಡಲ್ಲ ಎಂದಳು. ಅಪ್ಪನ ಸಹಾಯವೂ ಬೇಡವಾಯಿತೇ ಎಂದು ನನಗೆ ಸಿಟ್ಟು ಬಂತು. ಬಿಡಿಸಿಯೇ ತೀರುತ್ತೇನೆ, ಅಲ್ಲಿಯವರೆಗೆ ಊಟವಿಲ್ಲ ಎಂದೆ. ಅವಳು ಅತ್ತೇಬಿಟ್ಟಳು.

"ಒಂದೇ ಪೇಪರ್ ತೋ ಫೇಲ್ ಆಗಿದೆ ಪಪ್ಪಾ. ಮ್ಯಾಥ್ಸ್ ನನಗೆ ಇಷ್ಟ. ಯಾಕೆ ಬಿಡಿಸ್ತೀರಾ?"

ವಿಮಲಾ ಸೆರಗಿನ ಸಿಪ್ಪೆ ಕೊಡವಿದಳು. "ಪುಟ್ಟಿ, ನಾನು ಬಟಾಣಿ ಬಿಡಿಸ್ತೀನಿ ಅಂದ್ರೆ ಅದರ ಕಾಲೇಜು ಬಿಡಿಸ್ತೀನಿ ಅಂತಲ್ಲ. ಸಾಲ್ವ್ ಮಾಡಿಕೊಡ್ತೀನಿ ಅಂತಿದಾರೆ ನಿಮ್ಮಪ್ಪ."

ಮಗಳು ಕಣ್ಣೊರೆಸಿಕೊಂಡು, ಅಚ್ಛಾ, ಹಾಗಾದರೆ ಬಿಡಿಸಿ ಎಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಪುಟದ ತುಂಬ ಅಕ್ಷರಗಳೇ; ಲೆಕ್ಕದ ಪುಸ್ತಕದಲ್ಲಿ ಅಂಕಿಗಳಿಗೆ ಬರ. ಕೊನೆಗೆ ಸಿಕ್ಕ ಪ್ರಶ್ನೆ, ಒಂದು ಎನ್ನುವ ಸಂಖ್ಯೆ ಸೊನ್ನೆಗಿಂತ ದೊಡ್ಡದೆಂದು ಸಾಧಿಸಿ. ದೊಡ್ಡದೇ ಅಲ್ಲವೇ, ಸಾಧಿಸುವುದೇನು ಬಂತು ಎಂದೆ. ಯಾಕೆ ದೊಡ್ಡದು ಎಂದಳು. ಬರಿಗೈಯ ಪಕ್ಕ ಒಂದು ರೂಪಾಯಿ ಇಟ್ಟು ನೋಡು ಎಂದರೆ ರೂಪಾಯಿ ನಡೆಯುವುದಿಲ್ಲವಂತೆ. ಒಂದು ಸೊನ್ನೆಗಿಂತ ಚಿಕ್ಕದು ಅಂತ ಇಟ್ಟುಕೊಂಡು ಶುರು ಮಾಡಿ ಎಂದಳು. ಹಾಗೆ ಇಟ್ಟುಕೊಳ್ಳಲು ನನ್ನ ಇಷ್ಟು ವರ್ಷದ ಸರ್ವಿಸ್ ಒಪ್ಪಲಿಲ್ಲ. ಪುಸ್ತಕ ವಾಪಸು ಕೊಟ್ಟು ಬಟಾಣಿಗೆ ಕೈ ಹಾಕಿದೆ. ತಲೆ ಮಾತ್ರ ಅಲ್ಲೇ ಉಳಿಯಿತು.

ಬಿಸಿಲು ಸರಿಯುವ ಹೊತ್ತಿಗೆ ಅವಳು ಓಡಿಬಂದು, "ಪಪ್ಪಾ, ಬಿಡಿಸಿದೆ" ಎಂದಳು. ಆ ಮಾತು ಅವಳ ಬಾಯಲ್ಲಿ ಸರಿಯಾದ ಅರ್ಥಕ್ಕೆ ಬಂದಿತ್ತು. ಅವಳು ಬರೆದದ್ದು ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸಿದೆ. ಅಷ್ಟರಲ್ಲಿ ವಿಮಲಾ ಬಂದು ನನ್ನ ಪಾತ್ರೆಯೊಳಗೆ ಇಣುಕಿದಳು. ಒಂದು ಯಾಕೆ ದೊಡ್ಡದೆಂದು ಯೋಚಿಸುತ್ತ ನಾನು ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸದ ಬುಟ್ಟಿಗೂ ಹಾಕುತ್ತ ಬಂದಿದ್ದೆ. ಪಲಾವಿಗೆ ನಿಮ್ಮ ಪಾಲಿನ ಕಾಳೆಷ್ಟು ಎಂದು ಕೇಳಿದಳು. ಸೊನ್ನೆ ಎಂದೆ. ಒಂದು ಅದಕ್ಕಿಂತ ದೊಡ್ಡದೆಂದು ಅವಳ ಮುಖ ನೋಡಿದ ಮೇಲೆ ನನಗೆ ಯಾರೂ ಸಾಧಿಸಿ ತೋರಿಸಬೇಕಾಗಿರಲಿಲ್ಲ.